ಅಕ್ಕೋರಿಗೆ ಫೋನ್ ಇಡೋದು ಕಲಿಸಿದ್ದು

ಬ್ಯಾಂಕಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು ನಿಮ್ಮ ಅನುಭವ ಹೇಳಿ ಸರ್ ಅನ್ನುತ್ತಾರೆ. ಹೇಳಲು ಶುರು ಮಾಡಿದ ಎರಡನೇ ನಿಮಿಷಕ್ಕೆ ಮೊಬೈಲ್ ನೋಡತೊಡಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆದದ್ದನ್ನು ಅವರು ಮೊಬೈಲಿನಲ್ಲೇ ಓದಬಹುದು, ನನಗೂ ಅವರ ನೆತ್ತಿ ನೋಡುತ್ತ ಮಾತಾಡುವುದು ತಪ್ಪುತ್ತದೆ.

ನಾನು ರಾಜೇಸಾಬ ನದಾಫ್. ಊರು ಇಂಡಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಶಾಖೆಗಳಲ್ಲೇ ಸುತ್ತಿ ಸುತ್ತಿ ನನ್ನ ನೌಕರಿ ಮುಗಿಯಿತು. ಬಡ್ತಿಯ ಮಾತು ಬಿಡಿ. ಒಂದೇ ಒಂದು ಬಂತು, ಅದು ಬಂದಾಗ ನನಗಿಂತ ನನ್ನ ಹೆಂಡತಿಗೇ ಹೆಚ್ಚು ಆಶ್ಚರ್ಯವಾಯಿತು. ನೌಕರಿಯ ಕೊನೆಯ ವರ್ಷಗಳನ್ನೆಲ್ಲ ನಾನು ಕಳೆದದ್ದು ಕ್ರೆಡಿಟ್ ಕಾರ್ಡಿನ ಮೇಜಿನ ಹಿಂದೆ.

ಫೋನ್ ಮಾಡಿ ಕಾರ್ಡಿನ ನಂಬರ್ ಕೇಳಿ ಮೋಸ ಮಾಡುವವರ ಬಗ್ಗೆ ನಿಮಗೆ ತರಬೇತಿಯಲ್ಲಿ ಪುಸ್ತಕ ಕೊಟ್ಟಿರುತ್ತಾರೆ. ಅದರಲ್ಲಿ ಮೋಸ ಹೋದವರನ್ನು ‘ಅಜಾಗರೂಕ ಗ್ರಾಹಕರು’ ಎಂದು ಕರೆದಿರುತ್ತಾರೆ. ನಾನು ಕಂಡ ಗ್ರಾಹಕರಲ್ಲೆಲ್ಲ ಅತಿ ಜಾಗರೂಕರು ಹೂವಿನ ಹಿಪ್ಪರಗಿಯ ನೀಲಮ್ಮ ಅಕ್ಕೋರು. ಮೋಸ ಹೋದವರೂ ಅವರೇ. ಯಾಕೆ ಹೋದರು ಅನ್ನುವುದನ್ನು ಹೇಳಬೇಕಾದರೆ ನನ್ನ ತಪ್ಪುಗಳಿಂದ ಶುರು ಮಾಡಬೇಕು. ಹಾಗೇ ಶುರು ಮಾಡಬೇಕೆಂದು ಅವರದೇ ಅಪ್ಪಣೆಯೂ ಆಗಿದೆ.

ಮೊದಲು ಇಂಡಿ. ನಮ್ಮ ಶಾಖೆಗೆ ಕ್ರೆಡಿಟ್ ಕಾರ್ಡ್ ಹೊಸದಾಗಿ ಬಂದಾಗ ತಿಂಗಳಿಗೆ ಇಷ್ಟು ಜನಕ್ಕೆ ಕೊಡಲೇಬೇಕು ಎಂದು ಮೇಲಿನಿಂದ ಅಪ್ಪಣೆ ಬಂತು. ನಾನು ಕಂಡಕಂಡವರಿಗೆ ಗಂಟುಬಿದ್ದೆ. ನಿಂಬೆಹಣ್ಣಿನ ವ್ಯಾಪಾರಿ ಬಸಣ್ಣ ಬೇಡ ಬೇಡ ಅಂದರೂ ಸಹಿ ಹಾಕಿಸಿಕೊಂಡೆ. ಕಾರ್ಡು ಮನೆಗೆ ಬಂದ ದಿನ ಅವನು ಅದಕ್ಕೆ ಕುಂಕುಮ ಹಚ್ಚಿ, ತಿಜೋರಿಯಲ್ಲಿಟ್ಟು, ಕೀಲಿಯನ್ನು ತಾಯಿಯ ಸೊಂಟಕ್ಕೆ ಸಿಗಿಸಿ, ಮರೆತುಬಿಟ್ಟ. ಮುಂದೆ ಒಂದು ದಿನ ಅವನಿಗೆ ಬ್ಯಾಂಕಿನ ಹೆಸರಿನಲ್ಲಿ ಕಳ್ಳರ ಫೋನ್ ಬಂತಂತೆ. ನಂಬರ್ ಓದಿ ಹೇಳಿ ಅಂದರಂತೆ. ಕಾರ್ಡು ತಿಜೋರಿಯಲ್ಲಿದೆ, ಕೀಲಿ ಅವ್ವನ ಹತ್ತಿರ ಇದೆ, ಅವ್ವ ಲಚ್ಯಾಣದ ಮಠಕ್ಕೆ ಹೋಗಿದ್ದಾಳೆ, ಸಂಜೆ ಮಾಡಿ ಅಂದ. ಸಂಜೆ ಮಾಡಿದರು. ಅವ್ವ ಇವತ್ತು ಅಲ್ಲೇ ಉಳಿದಳು, ನಾಳೆ ಮಾಡಿ ಅಂದ. ಮೂರು ದಿನ ಮಾಡಿದ ಕಳ್ಳ ಕಡೆಗೆ ಬೇಸತ್ತು ಸುಮ್ಮನಾದ. ಬ್ಯಾಂಕಿನವರು ಪಾಪ ಬಹಳ ಕಾಳಜಿ ಮಾಡಿದರು ಎಂದು ಬಸಣ್ಣ ನನಗೇ ಬಂದು ಹೇಳಿದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ಸುಮ್ಮನಾಗಿದ್ದು ನನ್ನ ದಡ್ಡತನ. ಕಳ್ಳನ ಕೈಯಿಂದ ಬಸಣ್ಣನನ್ನು ಉಳಿಸಿದ್ದು ತಡ ಮಾಡಿದ್ದು. ಅದನ್ನು ನಾನು ಆಗಲೇ ಎಲ್ಲ ಗ್ರಾಹಕರಿಗೂ ಹೇಳಬೇಕಿತ್ತು.

ಸಿಂದಗಿಗೆ ಹೋದ ಮೇಲೆ ನನ್ನ ದೊಡ್ಡ ತಪ್ಪು ಶುರುವಾಯಿತು. ಆಗ ಅದನ್ನು ಯಾರೂ ತಪ್ಪು ಅನ್ನಲಿಲ್ಲ, ಎಲ್ಲರೂ ಬೆನ್ನು ತಟ್ಟಿದರು. ಹಳ್ಳಿಯವರ ಮನೆಗೆ ಕಾರ್ಡು ಅಂಚೆಯಲ್ಲಿ ಬರುತ್ತಿತ್ತು. ಅದನ್ನು ಚಾಲೂ ಮಾಡಿಸಲು ಅವರು ಎರಡು ಬಸ್ಸು ಬದಲಿಸಿ ಶಾಖೆಗೆ ಬರಬೇಕಿತ್ತು. ಬಂದರೆ ನಮ್ಮ ಕಂಪ್ಯೂಟರ್ ಮಲಗಿರುತ್ತಿತ್ತು. ಅವರ ಫಜೀತಿ ನೋಡಲಾಗದೆ ನಾನೇ ಫೋನ್ ಮಾಡತೊಡಗಿದೆ. ಕಾರ್ಡ್ ಕೈಯಲ್ಲಿ ಹಿಡಿದುಕೊಳ್ಳಿ, ನಂಬರ್ ಓದಿ, ಈಗ ಒಂದು ಮೆಸೇಜ್ ಬರುತ್ತದೆ, ಅದರಲ್ಲಿನ ಆರು ಅಂಕಿ ಹೇಳಿ. ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಹಾಗೆ ಕೇಳಬಾರದು ಎಂದು ನಿಯಮದಲ್ಲಿ ಬರೆದೇ ಇತ್ತು. ಆದರೆ ನಿಯಮ ಬರೆದವರು ಬೇಸಿಗೆಯಲ್ಲಿ ಸಿಂದಗಿ ಬಸ್ ನಿಲ್ದಾಣದಲ್ಲಿ ನಿಂತವರಲ್ಲ ಎಂದು ನನ್ನ ವಾದ. ಆಗಿನ ಮ್ಯಾನೇಜರ್ ಸಾಹೇಬರು ಸಭೆಯಲ್ಲಿ ಎಲ್ಲರ ಮುಂದೆ ನನ್ನನ್ನು ಹೊಗಳಿದರು. ನಾನೂ ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಮುದ್ದೇಬಿಹಾಳದಲ್ಲಿದ್ದಾಗ ಮುಖ್ಯ ಕಚೇರಿಯಿಂದ ಗೋಡೆಗೆ ಅಂಟಿಸುವ ಪ್ರಕಟಣೆ ಬಂತು. ‘ಗೌಪ್ಯ ಮಾಹಿತಿಯನ್ನು ಯಾವುದೇ ಮೂರನೇ ವ್ಯಕ್ತಿಯೊಂದಿಗೆ ಹಂಚಿಕೊಳ್ಳತಕ್ಕದ್ದಲ್ಲ.’ ತಂಗಡಗಿಯ ರೈತರೊಬ್ಬರು ಅದನ್ನು ಬೆರಳಿಟ್ಟು ಓದಿ ನನ್ನ ಮೇಜಿಗೆ ಬಂದರು. ಒಂದನೆಯವನು ನಾನು, ಎರಡನೆಯವಳು ನನ್ನ ಹೆಂಡತಿ, ಹಾಗಾದರೆ ಮೂರನೆಯವನು ನನ್ನ ಮಗನೇನು ಎಂದು ಕೇಳಿದರು. ಹಾಗಲ್ಲ, ಹೊರಗಿನ ಮಂದಿ ಅಂತ ಅರ್ಥ ಎಂದೆ. ಮತ್ತೆ ನೀವು ಯಾರು ಎಂದರು. ನಾನು ನಕ್ಕು ಹೇಳಿದೆ:

“ನಾವು ಮನಿಯವರ ಅಲ್ಲೇನ್ರಿ?”

ಅವರಿಗೂ ಖುಷಿಯಾಯಿತು, ನನಗೂ ಖುಷಿಯಾಯಿತು. ಆಮೇಲೆ ಯಾರು ಅನುಮಾನಪಟ್ಟರೂ ಇದೇ ಮಾತು ಹೇಳತೊಡಗಿದೆ. ಹೊರಗಿನ ಮಂದಿಗೆ ಹೇಳಬಾರದು, ನಾವು ಮನೆಯವರು. ಈ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ದೇವರೇ ಬಲ್ಲ.

ಇನ್ನು ಬಾಗೇವಾಡಿ. ಅಲ್ಲಿಗೆ ಬಂದ ಮೇಲೆ ನೀಲಮ್ಮ ಅಕ್ಕೋರ ಪರಿಚಯವಾಯಿತು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತೇವೆ. ಇವರು ಹೂವಿನ ಹಿಪ್ಪರಗಿಯ ಕನ್ನಡ ಸಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರು. ತಮ್ಮನ ಮಗ ಶಿವಾನಂದನ ಸಂಸಾರವೂ ಅದೇ ಮನೆಯಲ್ಲಿತ್ತು. ಅಕ್ಕೋರು ಕನ್ನಡಕದಿಂದ ಹಿಡಿದು ಕುಕ್ಕರಿನ ರಬ್ಬರಿನವರೆಗೆ ಎಲ್ಲವನ್ನೂ ಮೊಬೈಲಿನಲ್ಲಿ ತರಿಸುತ್ತಿದ್ದರು. ಓಣಿಯ ಹೆಂಗಸರೂ ಅವರ ಹತ್ತಿರವೇ ಬರುತ್ತಿದ್ದರು. ಒಬ್ಬಳಿಗೆ ಮಿಕ್ಸರ್ ಜಾರು, ಒಬ್ಬಳಿಗೆ ಮಗಳ ಕಾಲೇಜಿನ ಚೀಲ. ಗಂಡನ ಮುಂದೆ ಕೈಚಾಚದೆ, ಅವನಿಗೆ ಲೆಕ್ಕ ಒಪ್ಪಿಸದೆ ಒಂದು ಸಾಮಾನು ತರಿಸಿಕೊಳ್ಳಲು ಆ ಓಣಿಯಲ್ಲಿ ಇದ್ದ ದಾರಿ ಅಕ್ಕೋರ ಫೋನು ಮತ್ತು ಅಕ್ಕೋರ ಕಾರ್ಡು, ಅಷ್ಟೇ.

ಅವರ ಕಾರ್ಡನ್ನೂ ನಾನು ಫೋನಿನಲ್ಲೇ ಚಾಲೂ ಮಾಡಿಸಿದ್ದೆ. ಅವರು ನಂಬರನ್ನು ಉಕ್ತಲೇಖನದ ಹಾಗೆ ಓದಿದ್ದರು. ನಾಲ್ಕು ನಾಲ್ಕು ಅಂಕಿ, ನಿಧಾನವಾಗಿ, ಎರಡೆರಡು ಸಲ, ನಡುನಡುವೆ ಬರಕೊಂಡ್ರಿ ಎಂಬ ಪ್ರಶ್ನೆ ಬೇರೆ. ಆರು ಅಂಕಿ ಕೇಳಿದಾಗ ಮಾತ್ರ ತಡೆದರು. ಯಾರಿಗೂ ಹೇಳಬಾರದು ಎಂದು ಇದರಲ್ಲೇ ಬರೆದಿದೆಯಲ್ಲ ಅಂದರು. ನಾನು ನನ್ನ ಮಾಮೂಲಿ ಉತ್ತರ ಕೊಟ್ಟೆ. ಆಮೇಲೆ ಹೇಳಿದರು.

ಇಲ್ಲಿ ನಮ್ಮ ಕಡೆಯ ಫೋನಿನ ರಿವಾಜು ಒಂದನ್ನು ಹೇಳಬೇಕು. ಫೋನನ್ನು ಯಾರೂ ಹಾಗೇ ಇಡುವುದಿಲ್ಲ. ಊಟ, ಮಳೆ, ಮಕ್ಕಳು, ಎಮ್ಮೆ ಎಲ್ಲ ವಿಚಾರಿಸಿ ಆದ ಮೇಲೆ ‘ಇಡ್ಲೇನ್ರಿ’ ಅನ್ನಬೇಕು. ಆ ಕಡೆಯವರು ‘ಇಡ್ರಿ’ ಅನ್ನಬೇಕು. ಆಗಲೇ ಇಡುವುದು. ಕೇಳದೆ ಇಟ್ಟರೆ ಮನೆಗೆ ಬಂದವರ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಅಕ್ಕೋರಂತೂ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕಂಪನಿಯ ಮುದ್ರಿತ ದನಿ ಮಾತಾಡಿದರೂ ಪೂರ್ತಿ ಕೇಳಿ, ಇಡ್ಲೇನ್ರಿ ಎಂದು ಕೇಳಿಯೇ ಇಡುತ್ತಿದ್ದರು.

ಒಂದು ದಿನ ಮುಂಜಾನೆ ಅವರು ಕಟ್ಟೆಯ ಮೇಲೆ ಶೇಂಗಾ ಹಸನು ಮಾಡುತ್ತ ಕೂತಿದ್ದಾಗ ಫೋನ್ ಬಂತು. ಮೇಡಂ, ನಿಮ್ಮ ಕಾರ್ಡಿನಲ್ಲಿ ಸೇರಿರುವ ಪಾಯಿಂಟುಗಳು ಇವತ್ತೇ ರದ್ದಾಗುತ್ತವೆ, ಈಗಲೇ ಹಣಕ್ಕೆ ಬದಲಿಸಿಕೊಡುತ್ತೇವೆ ಎಂದು ಒಬ್ಬ ಇಂಪಾಗಿ ಹೇಳಿದ. ಅವರ ಹೆಸರು ಹೇಳಿದ. ಕಾರ್ಡಿನ ಮೊದಲ ಆರು ಅಂಕಿಯನ್ನೂ ಹೇಳಿದ. ಅವು ನಮ್ಮ ಬ್ಯಾಂಕಿನ ಆ ಜಾತಿಯ ಕಾರ್ಡುಗಳಿಗೆಲ್ಲ ಒಂದೇ, ಯಾರು ಬೇಕಾದರೂ ಹೇಳಬಹುದು. ಆದರೆ ಅಕ್ಕೋರಿಗೆ ಅದನ್ನು ಯಾರು ಹೇಳಿದ್ದರು? ನಾನಂತೂ ಹೇಳಿರಲಿಲ್ಲ. ಉಳಿದ ಅಂಕಿಗಳನ್ನು ಅಕ್ಕೋರು ಉಕ್ತಲೇಖನ ಕೊಟ್ಟರು. ಅವನು ತಿರುಗಿ ಹೇಳುವಾಗ ಒಂದು ಅಂಕಿ ತಪ್ಪಿದ. ತಪ್ಪು, ಆರು ಅಲ್ಲ, ಒಂಬತ್ತು, ಲಕ್ಷ್ಯ ಕೊಟ್ಟು ಕೇಳು ಎಂದು ತಿದ್ದಿದರು. ಕಾರ್ಡಿನ ಹಿಂದಿನ ಮೂರಂಕಿಯನ್ನೂ ಓದಿದರು. ಮೆಸೇಜ್ ಬಂದಾಗ, ಯಾರಿಗೂ ಹೇಳಬಾರದು ಎಂದಿದೆಯಲ್ಲಪ್ಪ ಅಂದರು. ಅವನು ಹೇಳಿದನಂತೆ, ಅದು ಹೊರಗಿನವರಿಗೆ ಮೇಡಂ, ನಾವು ಬ್ಯಾಂಕಿನವರೇ ಅಲ್ವಾ.

ಹೇಳಿದರು. ಎರಡನೇ ಸಲ ಆರು ಅಂಕಿ ಬಂದು ಅದನ್ನೂ ಕೇಳಿದಾಗ ಅವರು ಹಿಂಜರಿದರು. ಇಡ್ಲೇನ್ರಿ ಎಂದು ಕೇಳಿದರು. ಬೇಡ ಮೇಡಂ, ಲೈನಿನಲ್ಲೇ ಇರಿ ಎಂದ. ಮತ್ತೆ ಕೇಳಿದರು. ಮತ್ತೆ ಬೇಡ ಎಂದ. ಅನುಮಾನ ಬಂದರೂ ಅಪ್ಪಣೆ ಇಲ್ಲದೆ ಇಡುವುದು ಹೇಗೆಂದು ತಿಳಿಯದೆ, ಅವನು ಕೇಳಿದ್ದನ್ನೂ ಕೊಟ್ಟು, ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ ಕೂತರು. ಕೆಲಸ ಮುಗಿದ ತಕ್ಷಣ ಅವನೇ ಇಟ್ಟುಬಿಟ್ಟ. ಆಮೇಲೆ ಅಕ್ಕೋರು ನನಗೆ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

“ಇಡ್ತೇನಿ ಅನ್ನದ ಇಟ್ಟ ನೋಡ್ರಿ. ಆವಾಗ ತಿಳೀತು, ಇಂವ ಬ್ಯಾಂಕಿನವ ಅಲ್ಲ ಅಂತ.”

ಅಂದೇ ಮಧ್ಯಾಹ್ನ ಅಕ್ಕೋರು, ಶಿವಾನಂದ ಇಬ್ಬರೂ ಶಾಖೆಗೆ ಬಂದರು. ಅಕ್ಕೋರ ಕಾರ್ಡಿನ ಮೇಲೆ ಯಾವುದೋ ದೂರದ ಊರಿನಲ್ಲಿ ಎರಡು ದುಬಾರಿ ಮೊಬೈಲು ಖರೀದಿಯಾಗಿದ್ದವು. ಕಾರ್ಡು ಬಂದ್ ಮಾಡಿದೆವು, ಸೈಬರ್ ಸಹಾಯವಾಣಿಗೆ ಫೋನ್ ಹಚ್ಚಿದೆವು, ಪೊಲೀಸರಿಗೆ ದೂರು ಬರೆಸಿದೆವು. ತಡ ಮಾಡದೆ ಬಂದದ್ದರಿಂದ ಒಂದು ಮೊಬೈಲಿನ ಖರೀದಿ ರದ್ದಾಯಿತು. ಇನ್ನೊಂದು ಹೋದದ್ದು ಹೋಯಿತು. ನೆನಪಿಡಿ, ಕಳ್ಳನ ಎದುರು ಎಷ್ಟು ತಡ ಮಾಡಬೇಕೋ, ಮೋಸವಾದ ಮೇಲೆ ಅಷ್ಟೇ ಅವಸರ ಮಾಡಬೇಕು.

ಮ್ಯಾನೇಜರ್ ಮೇಡಂ ಮೈಸೂರು ಕಡೆಯವರು, ವಯಸ್ಸಿನಲ್ಲಿ ನನ್ನ ಮಗಳಷ್ಟು. ನಾವು ನಮಸ್ಕಾರ ಹೇಳಿದರೂ ಜಗಳಕ್ಕೆ ಬಂದರೇನೋ ಎಂದು ಬೆಚ್ಚುತ್ತಿದ್ದರು. ಅವರ ಕೋಣೆಯಲ್ಲಿ ಶಿವಾನಂದ ದನಿ ಏರಿಸಿದ. ಅತ್ತೆಗೆ ವಯಸ್ಸಾಯಿತು, ಇನ್ನು ಕಾರ್ಡೂ ಬೇಡ, ಫೋನೂ ಬೇಡ, ಪಿಂಚಣಿಯ ಪಾಸ್‌ಬುಕ್ಕೂ ನನ್ನ ಹತ್ತಿರವೇ ಇರಲಿ ಅಂದ. ಕೆಟ್ಟ ಹುಡುಗನಲ್ಲ, ಹೆದರಿದ್ದ. ಅಕ್ಕೋರು ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತ ಕೂತಿದ್ದರು. ಅರ್ಧ ಊರಿಗೆ ಮಗ್ಗಿ ಕಲಿಸಿದವರು ಅವರು. ಗೊತ್ತಿದ್ದೂ ಯಾಕೆ ಅಂಕಿ ಹೇಳಿದಿರಿ ಎಂದು ಮೇಡಂ ಕೇಳಿದರು. ಬ್ಯಾಂಕಿನವರಿಗೆ ಹೇಳಬಹುದು ಅಂತ ಹಿಂದೆ ಒಮ್ಮೆ ಯಾರೋ ಹೇಳಿದ್ದರು ಎಂದರು ಅಕ್ಕೋರು. ಯಾರು ಅಂತ ಹೇಳಲಿಲ್ಲ. ನನ್ನ ಕಡೆ ಒಂದು ಸಲ ನೋಡಿದರು, ಅಷ್ಟೇ.

ನಾನು ಬಾಯಿ ಬಿಡಲಿಲ್ಲ. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿತ್ತು, ಪಿಂಚಣಿಗೆ ಎಲ್ಲಿ ಕಲ್ಲು ಬೀಳುತ್ತದೋ ಎಂದು ಪುಕ್ಕಲನಾದೆ. ಇದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ.

ಅವರಿಬ್ಬರೂ ಬಸ್ ನಿಲ್ದಾಣದ ಕಡೆ ಹೋದ ಮೇಲೆ ಮೇಡಂ ನನಗೇ ವರದಿ ಬರೆಯಲು ಹೇಳಿದರು. ಕಾರಣ ಎಂಬ ಕಾಲಂನಲ್ಲಿ ಎಲ್ಲರೂ ಬರೆಯುವುದು ಎರಡೇ ಪದ, ಗ್ರಾಹಕರ ಅಜಾಗರೂಕತೆ. ಮೊದಲ ಪದ ಬರೆದೆ. ಎರಡನೆಯದು ಬರೆಯಲು ಕೈ ಏಳಲಿಲ್ಲ. ಬರೆದಿದ್ದ ಪದವನ್ನೂ ಹೊಡೆದುಹಾಕಿ, ಈ ಗ್ರಾಹಕರಿಗೆ ಫೋನಿನಲ್ಲಿ ಅಂಕಿ ಹೇಳುವ ರೂಢಿ ಮಾಡಿಸಿದವನು ನಾನೇ ಎಂದು ಸಿಂದಗಿಯಿಂದ ಹಿಡಿದು ಎಲ್ಲವನ್ನೂ ಬರೆದು ಸಹಿ ಹಾಕಿದೆ. ಮೇಡಂ ಎರಡು ಸಲ ಓದಿದರು.

“ಇದನ್ನ ನೀವು ಬರೀದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ನದಾಫ್ ಅವರೇ.”

“ಅಕ್ಕೋರಿಗೆ ಗೊತ್ತೈತ್ರಿ,” ಅಂದೆ.

ನನಗೆ ಖಡಕ್ಕಾದ ಒಂದು ಮೆಮೊ ಬಂತು. ಪಿಂಚಣಿಗೆ ಏನೂ ಆಗಲಿಲ್ಲ. ಅಷ್ಟು ಪುಕ್ಕಲುತನ ಪೂರ್ತಿ ದಂಡವಾಯಿತು. ಮೇಡಂ ಇನ್ನೊಂದು ಕೆಲಸವನ್ನೂ ಕೊಟ್ಟರು. ನಾನು ಹಿಂದೆ ಹೀಗೆ ಫೋನ್ ಮಾಡಿದ್ದವರನ್ನೆಲ್ಲ ಖುದ್ದಾಗಿ ಕಂಡು, ಇನ್ನು ಮೇಲೆ ನಾನೇ ಕೇಳಿದರೂ ಹೇಳಬೇಡಿ ಎಂದು ಹೇಳಿ ಬರಬೇಕು. ಶನಿವಾರ, ಭಾನುವಾರಗಳೆಲ್ಲ ಬಸ್ಸಿನಲ್ಲೇ ಕಳೆದವು. ಎರಡು ಬಸ್ಸು ಬದಲಿಸುವುದು ಹೇಗಿರುತ್ತದೆ ಅಂತ ನನಗೂ ಚೆನ್ನಾಗಿ ತಿಳಿಯಿತು.

ಮೊದಲು ಹೋದದ್ದು ಹೂವಿನ ಹಿಪ್ಪರಗಿಗೆ. ಶಿವಾನಂದನ ಮುಂದೆ ಕೂತು, ತಪ್ಪು ನಿಮ್ಮ ಅತ್ತೆಯದಲ್ಲ, ನನ್ನದು ಎಂದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಒಂದು ಷರತ್ತು ಹಾಕಿದ.

“ಇನ್ನೊಮ್ಮೆ ಅಂಥಾ ಫೋನ್ ಬರ್ಲಿ. ಅತ್ತಿ ತಾನ ಇಟ್ಲಂದ್ರ ಎಲ್ಲಾ ಆಕಿ ಹತ್ರನ ಇರ್ತೈತಿ. ಇಡಲಿಲ್ಲಂದ್ರ ಫೋನೂ ಕಾರ್ಡೂ ನನ್ನ ಕೈಯಾಗ ಕೊಡಬೇಕು. ಅಲ್ಲೀತನಕ ಪಾಸ್‌ಬುಕ್ ನನ್ನ ಹತ್ರ ಇರ್ಲಿ.”

ಅಂದಿನಿಂದ ಅಕ್ಕೋರಿಗೆ ಫೋನ್ ಇಡುವುದನ್ನು ಕಲಿಸುವ ಕೆಲಸ ನನಗೆ ಬಿತ್ತು. ಏನೇನು ಹೇಳಬಾರದು ಎಂಬುದನ್ನು ಅವರು ಒಂದೇ ದಿನದಲ್ಲಿ ಬಾಯಿಪಾಠ ಮಾಡಿದರು. ಕಾರ್ಡಿನ ನಂಬರ್ ಇಲ್ಲ, ಹಿಂದಿನ ಮೂರಂಕಿ ಇಲ್ಲ, ಮೆಸೇಜಿನ ಅಂಕಿ ಇಲ್ಲ. ಅನುಮಾನ ಬಂದರೆ ಫೋನ್ ಇಟ್ಟು, ಕಾರ್ಡಿನ ಹಿಂದೆ ಅಚ್ಚಾದ ನಂಬರಿಗೆ ತಾವೇ ಮಾಡಬೇಕು. ಎಲ್ಲ ಸರಿ, ಆದರೆ ಇಡುವುದು ಮಾತ್ರ ಬರಲೊಲ್ಲದು. ನಾನು ಅಂಗಳದಲ್ಲಿ ನಿಂತು ಕಳ್ಳನ ಹಾಗೆ ಫೋನ್ ಮಾಡುತ್ತಿದ್ದೆ, ಅವರು ಅಡುಗೆ ಮನೆಯಿಂದ ಎತ್ತುತ್ತಿದ್ದರು. ಏನು ಕೇಳಿದರೂ ಹೇಳುತ್ತಿರಲಿಲ್ಲ, ಭಲೇ ಅನ್ನಬೇಕು. ಕೊನೆಗೆ ಇಡ್ಲೇನ್ರಿ ಅನ್ನುತ್ತಿದ್ದರು. ನಾನು ಬೇಡ ಅನ್ನುತ್ತಿದ್ದೆ. ಅಲ್ಲಿಗೆ ಮುಗಿಯಿತು. ಒಲೆಯ ಮೇಲಿನ ಸಾರು ಉಕ್ಕಿದರೂ ಫೋನ್ ಹಿಡಿದು ನಿಂತಿರುತ್ತಿದ್ದರು. ಕಳ್ಳನಿಗೆ ಎಂಥ ಮರ್ಯಾದೆ ಅಕ್ಕೋರೇ ಎಂದರೆ, ಮರ್ಯಾದೆ ಅವನದಲ್ಲ, ನನ್ನದು ಎಂದು ನನಗೇ ಪಾಠ ಹೇಳುತ್ತಿದ್ದರು. ಏಳು ಸಲ ಪ್ರಯತ್ನಪಟ್ಟು ಕೈಬಿಟ್ಟೆ.

ಆದರೆ ಅವರ ಅಡುಗೆ ಮನೆಯ ಬಾಗಿಲಲ್ಲೇ ನನಗೊಂದು ವಿಷಯ ಹೊಳೆಯಿತು, ಅದನ್ನು ನಿಮಗೆ ದಾಟಿಸುತ್ತೇನೆ. ನಿಜವಾದ ಬ್ಯಾಂಕಿನವನಿಗೆ ಯಾವಾಗಲೂ ಫೋನ್ ಇಡುವ ಅವಸರ. ನೀವು ಪೂರ್ತಿ ಹೇಳುವ ಮೊದಲೇ ನಾಳೆ ಬನ್ನಿ ಎಂದು ಇಟ್ಟಿರುತ್ತಾನೆ. ಗ್ರಾಹಕರ ಜೊತೆ ಒಂದು ತಾಸು ತಾಳ್ಮೆಯಿಂದ, ಮೇಡಂ ಮೇಡಂ ಎಂದು ಮಾತಾಡುವ ಪುರುಸೊತ್ತು ಕಳ್ಳನಿಗೆ ಮಾತ್ರ ಇರುತ್ತದೆ. ಇದನ್ನು ಗ್ರಾಹಕರಿಗೆ ಹೇಳಿ. ಸಾಧ್ಯವಾದರೆ ನೀವು ಸ್ವಲ್ಪ ತಾಳ್ಮೆ ಕಲಿತು ನನ್ನ ಮಾತನ್ನು ಸುಳ್ಳು ಮಾಡಿ.

ನಿವೃತ್ತನಾದೆ. ಶಾಲು, ಹಾರ, ಒಂದು ಗೋಡೆ ಗಡಿಯಾರ ಕೊಟ್ಟರು. ಬ್ಯಾಂಕಿನ ಸಿಮ್ ವಾಪಸು ಕೊಟ್ಟು ಹೊಸ ನಂಬರ್ ತೆಗೆದುಕೊಂಡೆ. ಸ್ವಲ್ಪ ದಿನಕ್ಕೆ, ಹೊಸಬರಿಗಾಗಿ ನಿಮ್ಮ ಅನುಭವ ಬರೆದುಕೊಡಿ ಎಂದು ಮೇಡಂ ಕೇಳಿದರು. ಅಕ್ಕೋರ ಕಥೆ ಬರೆಯದೆ ಬೇರೆ ಏನು ಬರೆಯಲಿ? ಕೇಳದೆ ಬರೆಯುವುದು ಸರಿಯಲ್ಲ ಎಂದು ಅಪ್ಪಣೆಗಾಗಿ ಅವರಿಗೆ ಫೋನ್ ಹಚ್ಚಿದೆ. ಎತ್ತಿದರು. ಇಷ್ಟು ವರ್ಷದ ರೂಢಿ, ನಾಲಿಗೆಗೆ ಅದೇ ಬಂತು.

“ನಾನ್ರಿ ಅಕ್ಕೋರ, ಬ್ಯಾಂಕಿನ ನದಾಫ. ನಿಮ್ಮ ಕಾರ್ಡಿನ ವಿಷಯ ಒಂದೀಟು...”

ಫೋನ್ ಕಟ್ಟಾಯಿತು. ನೆಟ್‌ವರ್ಕ್ ಹೋಗಿರಬೇಕು ಎಂದು ಮತ್ತೆ ಮಾಡಿದೆ. ನದಾಫ್ ಎನ್ನುವಷ್ಟರಲ್ಲಿ ಮತ್ತೆ ಕಟ್ಟು. ಮೂರನೇ ಸಲ ಎತ್ತಲೇ ಇಲ್ಲ. ನನ್ನ ಹೆಂಡತಿ ಪಕ್ಕದಲ್ಲೇ ಇದ್ದಳು. ನಾನು ನಗತೊಡಗಿದ್ದನ್ನು ನೋಡಿ, ಯಾರಾದರೂ ಮಾತಿನ ನಡುವೆಯೇ ಫೋನ್ ಇಟ್ಟರೆ ನೀವು ಇಷ್ಟು ಖುಷಿಪಡುತ್ತೀರೆಂದು ನನಗೆ ಗೊತ್ತಿರಲಿಲ್ಲ ಎಂದಳು.

ಮರುದಿನವೇ ಬಸ್ ಹತ್ತಿದೆ. ಅಕ್ಕೋರು ಕಟ್ಟೆಯ ಮೇಲೆ ಚಾಪೆ ಹಾಸಿ, ಅವಲಕ್ಕಿ, ಚಹಾ ಕೊಟ್ಟರು. ನಿನ್ನೆ ಒಬ್ಬ ಫೋನ್ ಮಾಡಿದ್ದ, ಬ್ಯಾಂಕಿನ ನದಾಫ್ ಎಂದ, ಥೇಟ್ ನಿಮ್ಮದೇ ದನಿ ಎಂದು ಮುಖ ಗಂಭೀರ ಮಾಡಿ ಹೇಳಿದರು. ಅದು ನಾನೇ ಎಂದೆ.

“ಗೊತ್ತಿತ್ತಲ್ಲ,” ಎಂದು ಅಕ್ಕೋರು ದನಿ ತಗ್ಗಿಸಿದರು.

“ಗೊತ್ತಿದ್ದೂ ಇಟ್ರಿ?”

“ಶಿವಾನಂದ ಬಾಜೂಕ ಕುಂತಿದ್ದ. ಕಾರ್ಡ್ ಅಂದ್ರಿ, ಬ್ಯಾಂಕ್ ಅಂದ್ರಿ, ನಂಬರ್ ನೋಡಿದ್ರ ಹೊಸಾದು. ಕಳ್ಳನ ಫೋನ್ ಇಡಾಕ ನನಗ ಎಂದಾದ್ರೂ ಬರ್ತಿತ್ತೋ ಇಲ್ಲೋ, ನಿಮಗಾದ್ರ ಆಮ್ಯಾಲೆ ತಪ್ಪಾತು ಅನಬಹುದಲ್ಲ.”

ಒಳಗಿನಿಂದ ಶಿವಾನಂದ ಪಾಸ್‌ಬುಕ್ ತಂದು ಅತ್ತೆಯ ಮುಂದಿಟ್ಟ. ಇನ್ನು ಇದರ ಮಾತು ನಾನು ಎತ್ತುವುದಿಲ್ಲ, ಮೂರು ಸಲ ಫೋನ್ ಬಂದರೂ ಅತ್ತೆ ಜಗ್ಗಲಿಲ್ಲ ಎಂದ. ಅಕ್ಕೋರು ಅದನ್ನು ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಅಂಗೈ ಊರಿ ಕೂತರು. ಅವಲಕ್ಕಿ ಖಾರ ಎಂದು ಸುಳ್ಳು ಹೇಳಿ ನೀರು ಕುಡಿದೆ.

ಬರೆಯಲು ಅಪ್ಪಣೆ ಕೇಳಿದೆ. ಬರೀರಿ ಎಂದರು, ಆದರೆ ಮೊದಲು ನಿಮ್ಮ ತಪ್ಪು, ಆಮೇಲೆ ನನ್ನದು, ಕೊನೆಗೆ ಫೋನ್ ಇಟ್ಟದ್ದು, ಒಂದನ್ನೂ ಬಿಡಬಾರದು ಎಂದರು. ಹಾಗೇ ಬರೆದಿದ್ದೇನೆ. ಹೊರಡುವಾಗ, ಮನೆ ಮುಟ್ಟಿದ ಮೇಲೆ ಫೋನ್ ಮಾಡಿ, ಬ್ಯಾಂಕ್ ಅನ್ನಬೇಡಿ ಎಂದು ಎಚ್ಚರಿಸಿ ಕಳಿಸಿದರು.

ಮನೆ ಮುಟ್ಟಿ ಫೋನ್ ಮಾಡಿದೆ. ಎತ್ತಿದರು. ಮುಟ್ಟೀನ್ರಿ ಅಕ್ಕೋರ ಎಂದೆ. ಛಲೋ ಆತು ಎಂದರು. ಇಡ್ಲೇನ್ರಿ ಎಂದು ಕೇಳಿದೆ. ಅಷ್ಟರಲ್ಲಿ ಅವರು ಇಟ್ಟಾಗಿತ್ತು.